ಹತ್ತೊಂಬತ್ತನೆಯ ಹೆಸರು

"ಏ ಮುಂಡೆ, ಕಲ್ ಮುಟ್ಬೇಡ್ವೇ! ಪೂಜೆ ಆಗೈತೆ, ಮೈಲಿಗೆ ಆಯ್ತದೆ!"

ಕೆಂಪರಾಜ್ ಕಿರುಚಿದ ರಭಸಕ್ಕೆ ಅಕ್ಕಯಮ್ಮ ಒರೆಸುವ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಲ್ಲ ಸ್ವಾಮಿ, ಮೊನ್ನೆ ಲಾರಿಯಿಂದ ಆ ಕಲ್ಲು ಇಳಿಸುವಾಗ ಹಗ್ಗ ಹಿಡಿದಿದ್ದು ಇದೇ ಕೈ, ಬುಡಕ್ಕೆ ಸಿಮೆಂಟು ಸುರಿದಿದ್ದೂ ಇದೇ ಕೈ. ಆಗೆಲ್ಲ ಮೈಲಿಗೆ ಎಲ್ಲಿ ಮಲಗಿತ್ತೋ!

ಮಹದೇವಪುರದ ಆಚೆ, ಕೆಂಪರಾಜನ ಕಲ್ಯಾಣ ಮಂಟಪದ ಎದುರು, ರಸ್ತೆ ಬದಿಯಲ್ಲಿ ನಿಂತಿತ್ತು ಆ ಕರಿಕಲ್ಲು. 'ಈ ಕಣಿವೆಗೆ ಮೊದಲು ಬಂದು ಊರು ಕಟ್ಟಿದ ಮಹನೀಯರು' ಎಂದು ಬರೆದು, ಕೆಳಗೆ ಹದಿನೆಂಟು ಹೆಸರು ಕೆತ್ತಿದ್ದರು. ಹದಿನೆಂಟೂ ಕೆಂಪರಾಜನ ಮನೆಯವೇ. ಕೊನೆಯವನಂತೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡು, ತಿಥಿ ಊಟಕ್ಕೆ ಮಾತ್ರ ಊರಿಗೆ ಬರುತ್ತಿದ್ದ ಮಹನೀಯ.

"ಅಣ್ಣಾ, ನಮ್ಮ ಮುತ್ತಾತಂದೂ ಒಂದ್ ಹೆಸ್ರು ಹಾಕ್ಸು. ಕೆರೆ ಕಟ್ಟಿ, ತೂಬು ಕೂರ್ಸಿ, ನಿಮ್ ಗದ್ದೆಗೆಲ್ಲ ನೀರು ಬಿಟ್ಟೋನು. ನೀರುಗಂಟಿ ಪಿಳ್ಳಪ್ಪ."

"ಪಿಳ್ಳಿಗ ಯಾವತ್ತೇ ಪಿಳ್ಳಪ್ಪ ಆದ? ನೀರ್ ಬಿಟ್ಟೋನ್ ಹೆಸ್ರು ಹಾಕ್ಸಿದ್ರೆ ಎಮ್ಮೆ ಮೇಯ್ಸ್ದೋನ್ದೂ ಹಾಕ್ಸ್ಬೇಕು, ಎಮ್ಮೇದೂ ಹಾಕ್ಸ್ಬೇಕು!"

ಪೆಂಡಾಲ್ ಹಾಕುತ್ತಿದ್ದವರೆಲ್ಲ ಹಲ್ಲು ಕಿರಿದರು. ಅಕ್ಕಯಮ್ಮ ಒರೆಸುವ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಆಯ್ತು ಬುಡಣ್ಣ. ಆದ್ರೆ ಕಲ್ ನೆಟ್ಟಿರೋದು ಕಾಲುವೆ ಬಾಯಲ್ಲಿ. ಮಳೆ ಬಂದ್ರೆ ನೀರು ಬತ್ತದೆ."

"ನಿಂಗ್ ಯಾವ ಇಂಜಿನಿಯರ್ ಹೇಳ್ಕೊಟ್ಟ? ಹೋಗೇ, ಕಸ ಹೊಡಿ."

ಉದ್ಘಾಟನೆಯ ಹಿಂದಿನ ರಾತ್ರಿಯೇ ಮಳೆ ಬಂತು. ಬೆಳಗಾಗುವಷ್ಟರಲ್ಲಿ ರಸ್ತೆಯೂ ಇಲ್ಲ, ಪೆಂಡಾಲೂ ಇಲ್ಲ. ಮಂಟಪದ ಅಡುಗೆಮನೆಯಿಂದ ಬೂಂದಿ ತುಂಬಿದ ಡಬರಿ ತೇಲಿಕೊಂಡು ಹೊರಗೆ ಬಂತು. ಮುಖ್ಯ ಅತಿಥಿ ಸಾಹೇಬರು ಹನ್ನೆರಡಕ್ಕೆ ಬರುವವರು. ಎರಡು ಪಂಪು ತಂದರು, ಎರಡೂ ಕೆಮ್ಮಿ ಸತ್ತವು.

ಕೆರೆ ಏರಿಯ ಮೇಲಿನ ಅಕ್ಕಯಮ್ಮನ ಮನೆಗೆ ಕೆಂಪರಾಜ್ ಹುಟ್ಟಿದ ಮೇಲೆ ಮೊದಲ ಸಲ ಬಂದ. ಪಂಚೆ ತೊಡೆಯವರೆಗೆ ಎತ್ತಿ ಕಟ್ಟಿದ್ದ.

"ಅಕ್ಕಯಮ್ಮಾ, ಈ ನೀರೆಲ್ಲ ಆಚೆ ಹೋಗೋ ಹಳೇ ತೂಬು ಎಲ್ಲೈತವ್ವ? ನಿಮ್ ಮನೆಯೋರಿಗೆ ಮಾತ್ರ ಗೊತ್ತಂತೆ."

"ಹೆಸ್ರು ಕೆತ್ಸು, ತೋರುಸ್ತೀನಿ."

"ನಾಳೆ ಕೆತ್ತುಸ್ತೀನಿ."

"ನಾಳೆ ತೋರುಸ್ತೀನಿ."

ಕೆಂಪರಾಜ್ ಅವಳ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡು ಬೈದ. ಅಕ್ಕಯಮ್ಮ ಎಲೆ ಅಡಿಕೆ ಹಾಕಿಕೊಂಡು, ಅವನು ಬೈದು ಸುಸ್ತಾಗುವವರೆಗೂ ಅಗಿದಳು. ಕೊನೆಗೆ, ಮೊದಲು ಆ ಹೆಸರುಗಳನ್ನು ಕೆತ್ತಿದ್ದ ಶಿವಾಜಿನಗರದ ಮಂಜೂರ್‌ನನ್ನು ತಾನೇ ಕರೆಸಿದ. ಮಂಜೂರ್ ಕಲ್ಲಿನ ಮುಂದೆ ಸೊಂಟದವರೆಗಿನ ನೀರಲ್ಲಿ ಉಳಿ ಹಿಡಿದು ನಿಂತ, ಪಕ್ಕದಲ್ಲಿ ಅಕ್ಕಯಮ್ಮ.

"ಸಾಬ್, ಕೆಳಗಿನ ಜಾಗ ಪೂರಾ ಮುಳುಗಿ ಹೋಗೈತೆ. ನಿಮ್ಮೋರ ಮ್ಯಾಲೇನೇ ಕೆತ್ತಬೇಕು."

"ನಮ್ ತಾತನ್ ತಲೆ ಮೇಲಾ?"

ಅಷ್ಟರಲ್ಲಿ ಮಂಟಪದಿಂದ ಇನ್ನೊಂದು ಡಬರಿ ತೇಲಿ ಬಂತು. ಇದು ಪಾಯಸದ್ದು.

"ಎಲ್ಲಾದ್ರೂ ಕೆತ್ತೋ, ಬೇಗ! ಪಿಳ್ಳಿಗ ಅಂತ ಹಾಕು, ಮೂರೇ ಅಕ್ಷರ."

"ಸಾಬ್ರೇ," ಎಂದಳು ಅಕ್ಕಯಮ್ಮ, "ನೀರುಗಂಟಿ ಪಿಳ್ಳಪ್ಪನವರು ಅಂತ ಹಾಕಿ. ಒತ್ತು ಗಿತ್ತು ಯಾವ್ದೂ ಬಿಡ್ಬೇಡಿ."

ಒಂದೊಂದು ಅಕ್ಷರಕ್ಕೂ ನೀರು ಒಂದೊಂದು ಬೆರಳು ಏರಿತು. 'ಪ್ಪ' ಮುಗಿಯುವ ಹೊತ್ತಿಗೆ ಕೆಂಪರಾಜನ ಪಂಚೆ ಅವನನ್ನು ಬಿಟ್ಟು ಪಾಯಸದ ಹಿಂದೆ ಹೊರಟಿತ್ತು. ಚಡ್ಡಿಯಲ್ಲಿ ನಿಂತವನ ಫೋನಿನಲ್ಲಿ ಸಾಹೇಬರ ಕಡೆಯವರು, ಮಾರತ್ತಹಳ್ಳಿ ದಾಟಿದೆವು ಎಂದು ಕೂಗುತ್ತಿದ್ದರು.

'ರು' ಬಿತ್ತು. ಎಲ್ಲಕ್ಕಿಂತ ಮೇಲೆ, ದಪ್ಪಗೆ, ಸೊಟ್ಟಗೆ ಮುತ್ತಾತ ನಿಂತಿದ್ದ. ಅಕ್ಕಯಮ್ಮನಿಗೆ ಓದು ಬಾರದು. ಆದರೂ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಆಯ್ತಲ್ಲ, ನಡಿಯೇ ಮಾರಾಯ್ತಿ!" ಕೆಂಪರಾಜ್ ಕೈ ಮುಗಿದ.

ಅಕ್ಕಯಮ್ಮ ಮೂಗು ಒರೆಸಿಕೊಂಡಳು.

"ಎಲ್ಲಾಯ್ತು? ಕೆರೆಗೆ ಮಣ್ಣು ಹೊತ್ತೋಳು ಅವನ ಹೆಂಡ್ತಿ. ಹೊರ್ತಾ ಹೊರ್ತಾ ಏರಿ ಮ್ಯಾಲೇ ಹೆತ್ತೋಳು. ಸೊಣ್ಣಮ್ಮ ಅಂತ. ಬರ್ಕೊಳ್ಳಿ ಸಾಬ್ರೇ."

ಮಂಜೂರ್ ಕೆಂಪರಾಜನ ಕಡೆ ತಿರುಗಿಯೂ ನೋಡಲಿಲ್ಲ. 'ಸೊ' ಶುರು ಮಾಡಿದ.