ಬುಡ ಕೆಂಪಿದ್ದರೆ ಬಿಡು

ನಮ್ಮ ಮನೆಗೆ ಬರುವ ಸೊಸೆಯರಿಗೆ ಮೊದಲು ಕಲಿಸುವುದು ಅಡುಗೆಯಲ್ಲ, ನವಣೆ ಹೊಲ. ಬೀಜಕ್ಕೆಂದು ಬಿಟ್ಟ ಹೊಲದಲ್ಲಿ ಕೂಲಿಯವರು ಕಸ ತೆಗೆಯುವಂತಿಲ್ಲ. ಮನೆಯ ಸೊಸೆಯೇ ಕಳೆ ಕೀಳುವ ಕುರ್ಪಿ ಹಿಡಿದು ಕೂರಬೇಕು. ಪೈರು ಗೇಣುದ್ದ ಇರುವಾಗ ನವಣೆ ಯಾವುದು, ಅದರ ನಡುವೆ ಕಳೆಯಾಗಿ ಹುಟ್ಟುವ ಕಾಡುನವಣೆ ಯಾವುದು ಎಂದು ದೇವರಿಗೂ ತಿಳಿಯದು. ಅದಕ್ಕೇ ನಮ್ಮಲ್ಲೊಂದು ಗುರುತು. ನಮ್ಮ ನವಣೆಯ ಬುಡ ಕೆಂಪು. "ಬುಡ ಕೆಂಪಿದ್ರ ಬಿಡು, ಹಸರಿದ್ರ ಕೀಳು." ಅಜ್ಜಿ ನಮ್ಮವ್ವನಿಗೆ ಹೇಳಿದ್ದು ಇಷ್ಟೇ. ಅಜ್ಜಿಗೆ ಅವಳ ಅತ್ತೆ ಹೇಳಿದ್ದೂ ಇಷ್ಟೇ.

ಅವ್ವ, ಅಂದರೆ ನಾಗಲಿಂಗಮ್ಮ, ಆ ಮಾತನ್ನು ಒಂದು ವರ್ಷವೂ ಮೀರಿದವಳಲ್ಲ. ತಂಬ್ರಹಳ್ಳಿಯಲ್ಲಿ ಅರ್ಧ ಊರು ಅವಳ ಕೈಬೀಜವನ್ನೇ ಬಿತ್ತುತ್ತಿತ್ತು. ಅದು ಅವಳ ಗರ್ವ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಆ ಗರ್ವ ಮುರಿಯಿತು. ತೆನೆ ಹೊರಟಾಗ ನೋಡಿದರೆ, ಬಾಗಿದ ದಪ್ಪ ತೆನೆಗಳ ನಡುವೆ, ಹಿಂದೆಲ್ಲ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದದ್ದು ಈ ಸಲ ಎಲ್ಲೆಲ್ಲೂ, ಕಾಡುನವಣೆಯ ಸಣಕಲು ತೆನೆಗಳು ಸೆಟೆದು ನಿಂತಿದ್ದವು. ಬೀಜ ಕೇಳಲು ಅರಸೀಕೆರೆಯಿಂದ ಬಂದಿದ್ದ ಅಪ್ಪನ ಅಕ್ಕ, ಸೋದರತ್ತೆ ತಿಪ್ಪೇರುದ್ರಮ್ಮ ಬದುವಿನ ಮೇಲೆ ನಿಂತು, ನಾಲ್ಕು ಜನ ಕೇಳುವಂತೆ, "ನಾಗಲಿಂಗಿ, ನಿನ್ನ ಕಣ್ಣು ಹೋಗ್ಯಾವ. ನಿನ್ನ ಬೀಜ ಇನ್ನ ಬ್ಯಾಡ ನಮಗ" ಅಂದುಬಿಟ್ಟಳು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು. ಭಾನುವಾರ ಬಸ್ಸಿಳಿದು ಮನೆಗೆ ಬಂದರೆ ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಕುರ್ಪಿಯನ್ನು ತಮ್ಮನ ಹೆಂಡತಿ ಗೀತಾಂಜಲಿಯ ಕೈಗಿಟ್ಟು, ಇನ್ನು ಹೊಲ ತುಳಿಯುವುದಿಲ್ಲ ಎಂದಿದ್ದಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಬಾಯಿ ಮೊದಲಿನಿಂದಲೂ ಹಾಗೆಯೇ, ಆದರೆ ಅವ್ವ ಅದನ್ನು ನಂಬಿದ್ದು ನನಗೆ ತಡೆಯಲಾಗಲಿಲ್ಲ.

"ನಡಿ, ನಿನ್ನ ಕಣ್ಣು ನಾನ ನೋಡ್ತೀನಿ" ಎಂದು ರಟ್ಟೆ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದೆ. ಗೀತಾಂಜಲಿ ಹಿಂದೆಯೇ ಬಂದಳು.

ಒಂದು ಕಾಡುನವಣೆ ತೋರಿಸಿ ಕೇಳಿದೆ, "ಇದನ್ನ ಯಾಕ ಬಿಟ್ಟಿ?"

ಅವ್ವ ಬಗ್ಗಿ ಬುಡದ ಮಣ್ಣು ಸರಿಸಿದಳು. ಬುಡ ಕೆಂಪಗಿತ್ತು. ಪಕ್ಕದ್ದು ನೋಡಿದಳು, ಅದೂ ಕೆಂಪು. ಸಾಲು ದಾಟಿ ಇನ್ನೊಂದು ಕಿತ್ತಳು, ಕೆಂಪೇ. ಇಡೀ ಹೊಲ ಅಡ್ಡಾಡಿದೆವು. ಬುಡ ಹಸಿರಾಗಿರುವ ಕಾಡುನವಣೆ ಒಂದೂ ಸಿಗಲಿಲ್ಲ. ಅವ್ವನಿಗೆ ಏನನ್ನಿಸಿತೋ, ಯಾರೂ ಕಸ ತೆಗೆಯದ ಬದುವಿಗೆ ಹತ್ತಿ ಅಲ್ಲಿಂದೊಂದು ಕಿತ್ತು ತಂದಳು. ಅದೇ ತೆನೆ, ಅದೇ ಎಲೆ. ಬುಡ ಮಾತ್ರ ಅಚ್ಚ ಹಸಿರು.

ಜೀವವಿಕಾಸದ ಪಾಠವನ್ನು ಜಿರಾಫೆಯ ಕತ್ತು ಬರೆದು ವರ್ಷವರ್ಷವೂ ಒದರಿದ್ದೇನೆ. ಅದು ನಮ್ಮ ಹೊಲದಲ್ಲೇ ನಡೆದಿತ್ತು, ನಮ್ಮವರ ಕೈಯಿಂದಲೇ ನಡೆದಿತ್ತು.

"ಇದಕ್ಕ ಕೆಂಪು ಯಾರು ಹಚ್ಚಿದ್ರು?" ಅವ್ವ ಕೇಳಿದಳು.

"ನೀನ ಅವ್ವ. ನೀನು, ಅಜ್ಜಿ, ಅಜ್ಜಿಯ ಅತ್ತಿ."

"ಹುಚ್ಚಿ! ನಾನ್ಯಾಕ ಹಚ್ಚಲಿ?"

"ಮೊದಲು ಕಾಡುನವಣಿ ಎಲ್ಲಾ ಹಸರ ಇದ್ವು. ಎಲ್ಲೋ ಒಂದರ ಬುಡ ಹುಟ್ಟಾ ಕೆಂಪಗಿತ್ತು. ಹಸರನ್ನ ಕಿತ್ತಿರಿ, ಅದನ್ನ ನವಣಿ ಅಂತ ಬಿಟ್ರಿ. ಅದು ಕಾಳು ಉದುರಿಸ್ತು. ಅದರ ಮಕ್ಕಳೂ ಕೆಂಪು. ನೀವು ಚೊಲೋತ್ನಾಗಿ ಕಸ ತೆಗೆದಷ್ಟೂ ಹಸರು ಕಮ್ಮಿ ಆತು, ಕೆಂಪು ಹೆಚ್ಚಾತು."

"ಹಂಗಾರ ನಮ್ಮ ಮಾತು ಕದ್ದು ಕೇಳ್ತಿತ್ತೇನು ಇದು?"

"ಅದಕ್ಕ ಕಿವಿನೂ ಇಲ್ಲ, ಕಣ್ಣೂ ಇಲ್ಲ. ಕಣ್ಣಿದ್ದಿದ್ದು ನಿಮಗ."

ಅವ್ವ ಎರಡೂ ಕೈಯಲ್ಲಿ ಒಂದೊಂದು ಗಿಡ ಹಿಡಿದು ಹೊಲದಲ್ಲೇ ಕೂತುಬಿಟ್ಟಳು. ಮೆಲ್ಲಗೆ ಕೇಳಿದಳು, "ಮತ್ತ ನಮ್ಮ ನವಣಿ?"

ಈ ಪ್ರಶ್ನೆಯನ್ನು ನನ್ನ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. "ಅದೂ ಒಂದು ಕಾಲಕ್ಕ ಈ ಹುಲ್ಲ ಆಗಿತ್ತವ್ವ. ಕಾಳು ಉದುರಿಸದ ಹಿಡಕೊಂಡಿದ್ದ ತೆನಿನ ಯಾರೋ ಮನಿಗೆ ಒಯ್ದಿರಬೇಕು. ಸಾವಿರಾರು ವರ್ಷದ ಹಿಂದ."

ಅವ್ವ ಹೊಲದ ತುಂಬ ಕಣ್ಣು ಹಾಯಿಸಿದಳು. ಬಾಗಿದ ತೆನೆಗಳನ್ನೂ ಸೆಟೆದ ತೆನೆಗಳನ್ನೂ ಒಂದೇ ಸಮ ನೋಡಿದಳು. ನನಗೂ ಹೊಲ ಹೊಸದಾಗಿ ಕಂಡಿತು. ಬೆಳೆಯೂ ನಮ್ಮದೇ, ಕಳೆಯೂ ನಮ್ಮದೇ. ಹೆಸರೇ ಗೊತ್ತಿಲ್ಲದ ಎಷ್ಟು ಹೆಂಗಸರು ಇಲ್ಲಿ ಬಗ್ಗಿ ಕೂತಿದ್ದರೋ ಎಂದು ನೆನೆದು ನನ್ನ ಕಣ್ಣು ತುಂಬಿ ಬಂತು.

ಅವ್ವ ಎರಡೂ ಗಿಡದ ಎಲೆಗಳನ್ನು ಪಕ್ಕದ ನವಣೆಯ ಎಲೆಯೊಂದಿಗೆ ಬೆರಳಲ್ಲಿ ಉಜ್ಜಿ ನೋಡಿ, ಗೀತಾಂಜಲಿಯತ್ತ ಕೈ ಚಾಚಿದಳು. "ಕುರ್ಪಿ ತಾ ಇಲ್ಲಿ. ಬರೋ ವರ್ಷದಿಂದ ಬುಡ ನೋಡಬ್ಯಾಡ. ಎಲಿ ಮುಟ್ಟಿ ನೋಡು, ಕಾಡಿಂದು ಒರಟ ಐತಿ."

"ಆಮ್ಯಾಲ ಅದರ ಎಲಿನೂ ನುಣುಪಾದ್ರ ಹೆಂಗ್ರಿ ಅತ್ತಿ?"

"ಆಗ್ತೈತಿ, ಬಿಡ್ತೈತೇನು? ಅಷ್ಟೊತ್ತಿಗೆ ನಿನ್ನ ಮೊಮ್ಮಗನ ಸೊಸಿ ಬ್ಯಾರೆ ಗುರುತು ಹುಡುಕ್ಯಂತಾಳ" ಎಂದು ಅವ್ವ ನಕ್ಕಳು.

ಮನೆಗೆ ಬಂದಾಗ ತಿಪ್ಪೇರುದ್ರಮ್ಮ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ಅವ್ವ ಹೊಲದ ಕಾಡುನವಣೆಯೊಂದನ್ನು ಅವಳ ಉಡಿಯಲ್ಲಿಟ್ಟು, ನಾನು ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಹೇಳಿದಳು.

"ನನ್ನ ಕಣ್ಣು ಎಲ್ಲಿಗೂ ಹೋಗಿಲ್ಲ ಯಕ್ಕ. ಈ ಕೆಂಪಿನ್ಯಾಗ ಅದಾವ ನೋಡು. ನಿಮ್ಮವ್ವನ ಕಣ್ಣೂ ಇದರಾಗ ಅದಾವ."

ಅತ್ತೆಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅವಳ ತಾಯಿ, ನಮ್ಮ ಅಜ್ಜಿ, ತೀರಿ ಎಷ್ಟೋ ವರ್ಷಗಳಾಗಿದ್ದವು. ಅವಳು ಆ ಗಿಡವನ್ನು ಎತ್ತಿ ಬುಡವನ್ನು ಹೆಬ್ಬೆರಳಿನಿಂದ ಸವರಿದಳು.