ಹದ್ದಣ್ಣನ ಬಣ್ಣಗಳು

ವಂಶವಾಹಿ ಪರೀಕ್ಷೆಯ ಆ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಹದ್ದಣ್ಣ ಅನ್ನುತ್ತಿದ್ದರು. ಹದ್ದಿನ ಕಣ್ಣಿನವನು ಅಂತ. ಮೆಷಿನ್ನು ಡಿಎನ್ಎ ಓದಿ ಕಂಪ್ಯೂಟರಿಗೆ ಕಳಿಸಿದರೆ ಪರದೆಯ ಮೇಲೆ ಅದರ ನಾಲ್ಕು ಅಕ್ಷರಗಳಿಗೆ ನಾಲ್ಕು ಬಣ್ಣದ ಗೆರೆಗಳು ಏರಿಳಿಯುತ್ತ ಸಾಗುತ್ತವೆ. ಎ ಹಸಿರು, ಟಿ ಕೆಂಪು, ಜಿ ಕಪ್ಪು, ಸಿ ನೀಲಿ. ಯಾವ ಬಣ್ಣದ ದಿಬ್ಬವೋ ಅಲ್ಲಿ ಆ ಅಕ್ಷರ. ಸಾಫ್ಟ್‌ವೇರು ತಾನೇ ಓದಿ ಬರೆದುಕೊಳ್ಳುತ್ತದೆ, ನಿಜ. ಆದರೆ ಎರಡು ದಿಬ್ಬ ಒಂದೇ ಕಡೆ ಕೂತಲ್ಲಿ ಅದು ಎತ್ತರದ್ದನ್ನಷ್ಟೇ ಬರೆದು ಕೈತೊಳೆದುಕೊಳ್ಳುತ್ತದೆ. ಅಂಥ ಕಡೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಹಾಕಬೇಕೆಂಬುದು ನಿಯಮ. ಇಪ್ಪತ್ತೆರಡು ವರ್ಷಗಳಲ್ಲಿ ಹದ್ದಣ್ಣ ಸಹಿ ಹಾಕಿದ ಒಂದು ವರದಿಯೂ ತಪ್ಪೆಂದು ವಾಪಸು ಬಂದಿರಲಿಲ್ಲ.

ಗತ್ತು ಮಾತ್ರ ಜಾಸ್ತಿ ಎಂದು ಮೂಗು ಮುರಿಯುವವರಿದ್ದರು. ಆಸಾಮಿ ಕುರ್ಚಿ ಬಿಟ್ಟು ಇನ್ನೊಬ್ಬರ ಮೇಜಿನ ಕಡೆ ಸುಳಿದವನಲ್ಲ. ಯಾರಿಗೆ ಅನುಮಾನ ಬಂದರೂ ಫೈಲು ಹೊತ್ತುಕೊಂಡು ಅವನ ಕಂಪ್ಯೂಟರಿಗೇ ಬರಬೇಕು. ಅಲ್ಲಿ ಬಣ್ಣಗಳೂ ಅವನವೇ. ಕಪ್ಪು ಪರದೆ, ಎ ಹಳದಿ, ಟಿ ನೀಲಿ, ಜಿ ಬಿಳಿ, ಸಿ ಬರೀ ಚುಕ್ಕೆಸಾಲು. ಹೀಗಿದ್ದರೆ ಕಣ್ಣು ಉರಿಯಲ್ಲ ಎಂದು ಹೇಳಿಕೊಂಡಿದ್ದ. ದೊಡ್ಡವರ ಖಯಾಲಿ ಎಂದು ಎಲ್ಲರೂ ಸುಮ್ಮನಾಗಿದ್ದರು.

ನಿಜ ಬೇರೆಯೇ ಇತ್ತು. ಹುಟ್ಟಿದಾಗಿನಿಂದ ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಥರದ ಕಂದು. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಅವನ ಅಂಗಿಗಳನ್ನು ಆರಿಸಿ ತರುವವಳು ಅವಳೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ಸಾಫ್ಟ್‌ವೇರಿನಲ್ಲಿ ಬಣ್ಣ ಬದಲಿಸುವ ಜಾಗ ಹುಡುಕಿಕೊಂಡು, ಆವತ್ತಿನಿಂದ ಗುಟ್ಟನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬದುಕಿದ್ದ.

ಆ ಗುಟ್ಟಿಗೆ ಕೊಳ್ಳಿಯಿಟ್ಟವನು ಅವನ ಸ್ವಂತ ಭಾವಮೈದ, ಹೆಂಡತಿಯ ತಮ್ಮ. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಭಾನುವಾರ ಬಂದು ಎಲ್ಲ ಮೇಜುಗಳಿಗೂ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ, ಭಾವನ ಕಂಪ್ಯೂಟರೆಂದು ಅದನ್ನು ಇನ್ನಷ್ಟು ಪ್ರೀತಿಯಿಂದ ಒರೆಸಿ ತೊಳೆದಂತೆ ಸ್ವಚ್ಛ ಮಾಡಿಟ್ಟಿದ್ದ. ಹೋಗುವಾಗ ಕಂಪನಿಯವರು ಕಳಿಸಿದ್ದ ಏಳು ಸಲಹೆಗಳ ಹಾಳೆಯನ್ನು ಕುಡಿಯುವ ನೀರಿನ ಪಕ್ಕದ ಗೋಡೆಗೆ ಅಂಟಿಸಿದ. ನಾಲ್ಕನೆಯ ಸಲಹೆ ಹೀಗಿತ್ತು: ಹಳೆಯ ಬಣ್ಣಗಳು ಹೊಸದರಲ್ಲಿ ಉಳಿಯುವುದಿಲ್ಲ, ಬೇಕಿದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ಅಂಟಿಸಿದವನೇ ಅದನ್ನು ಓದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹದ್ದಣ್ಣ ಕಂಪ್ಯೂಟರ್ ಹಾಕಿದ. ಬಿಳಿ ಪರದೆ, ಕಂದು ಗೆರೆಗಳು. ಮೆನುಗಳನ್ನೆಲ್ಲ ತಡಕಾಡಿದ. ಬಣ್ಣದ ಪುಟ ಇದ್ದ ಜಾಗದಲ್ಲಿ ಇನ್ನೇನೋ ಇತ್ತು. ಭಾವಮೈದನಿಗೆ ಫೋನು ಮಾಡಿದರೆ ಅವನು ಇನ್ನೊಂದು ಆಫೀಸಿನಲ್ಲಿದ್ದ, ಸಂಜೆ ಬಂದು ನೋಡುತ್ತೇನೆಂದ.

ಸಂಜೆಯ ತನಕ ಕಾಯುವ ಹಾಗಿರಲಿಲ್ಲ. ಎದುರಿಗೆ ಇದ್ದದ್ದು ಹನ್ನೊಂದು ದಿನದ ಕೂಸಿನ ವರದಿ. ಕೂಸಿನ ಅಕ್ಕ ಹುಟ್ಟಾ ಕಾಯಿಲೆಯವಳು. ಇದಕ್ಕೂ ಅದೇ ಇದೆಯೇ ಎಂದು ತಿಳಿಯಲು ಅಪ್ಪ ಅಮ್ಮ ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಡಾಕ್ಟರಿಗೆ ವರದಿ ಮುಟ್ಟಬೇಕು. ಎಲ್ಲವೂ ಒಂದೇ ಒಂದು ಅಕ್ಷರದ ಮೇಲೆ ನಿಂತಿತ್ತು. ಅಲ್ಲಿ ಎತ್ತರದ ದಿಬ್ಬ ಒಂದು, ಅದರಡಿಯಲ್ಲಿ ಗಿಡ್ಡದು ಇನ್ನೊಂದು. ಸಾಫ್ಟ್‌ವೇರು ಟಿ ಎಂದು ಬರೆದಿತ್ತು. ಗಿಡ್ಡದು ಪಕ್ಕದ ಇನ್ನೊಂದು ಟಿ ದಿಬ್ಬದ ಬಾಲವಷ್ಟೇ ಆದರೆ ಕೂಸಿಗೆ ಕಾಯಿಲೆ. ಅದು ಎ ಆದರೆ ಅಪ್ಪ ಅಮ್ಮನಿಂದ ಬಂದ ಎರಡು ಪ್ರತಿಗಳಲ್ಲಿ ಒಂದು ಒಳ್ಳೆಯದಿದೆ ಎಂದರ್ಥ, ಕೂಸಿಗೆ ಏನೂ ಆಗುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಅವನಿಗೆ ಕಂಡದ್ದು ಕಂದಿನ ಮೇಲೆ ಕಂದು.

ಹನ್ನೊಂದು ಗಂಟೆಗೆ ಅವನಿಗೊಂದು ಉಪಾಯ ಹೊಳೆಯಿತು. ಅದು ಒಳ್ಳೆಯ ಉಪಾಯವಲ್ಲವೆಂದು ಅವನಿಗೂ ಗೊತ್ತಿತ್ತು. ಪಕ್ಕದ ಮೇಜಿನಾಕೆಯನ್ನು ಕರೆದು, ಅವಳನ್ನು ಪರೀಕ್ಷಿಸುವವನ ಹಾಗೆ, ಇಲ್ಲೇನು ಕಾಣುತ್ತೆ ಹೇಳಮ್ಮ ಎಂದ. ಎಂಟು ವರ್ಷದಿಂದ ಅವನ ಪಕ್ಕದಲ್ಲೇ ಕೆಲಸ ಮಾಡಿದವಳು, ಅವನ ಮೇಲೆ ಬೆಟ್ಟದಷ್ಟು ನಂಬಿಕೆ. ಬಗ್ಗಿ ನೋಡಿ, ಮೇಲಿನದು ಟಿ, ಕೆಳಗಿನದು ಎ ಎಂದಳು. ಆಮೇಲೆ ಅವನ ಮುಖ ನೋಡಿದಳು.

"ಸರಿ ತಾನೇ ಅಣ್ಣ? ನಿಮಗೂ ಅದೇ ತಾನೇ ಕಾಣ್ತಿರೋದು?"

ಹೂಂ ಅಂದರೆ ಮುಗಿಯಿತು. ಎರಡು ಸಹಿ ಬೀಳುತ್ತವೆ, ವರದಿ ಹೋಗುತ್ತದೆ, ಸಂಜೆ ಬಣ್ಣ ಸರಿಯಾಗುತ್ತದೆ. ಅವಳು ಹೇಳಿದ್ದು ಸರಿಯೇ ಇರಬಹುದು. ಆದರೆ ನೋಡಿದ್ದು ಒಬ್ಬಳೇ, ಇಬ್ಬರಲ್ಲ. ಹದ್ದಣ್ಣ ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ನನಗೆ ಕಾಣಲ್ಲಮ್ಮ," ಅಂದ. "ಕೆಂಪು ಹಸಿರು ನನಗೆ ಎರಡೂ ಒಂದೇ. ಮೊದಲಿಂದಾನೂ ಅಷ್ಟೇ. ಹೋಗಿ ದೊಡ್ಡ ಮೇಡಂನ ಕರ್ಕೊಂಡು ಬಾ. ನೀನು ಓದಿದ್ದನ್ನ ಅವರಿಗೆ ಹೇಳ್ಬೇಡ."

ಲ್ಯಾಬಿನ ಮುಖ್ಯಸ್ಥೆ ಬಂದು ತಾವೇ ಓದಿದರು. ಎ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ವರದಿ ಹೋಯಿತು. ಕೂಸಿಗೆ ಕಾಯಿಲೆಯಿಲ್ಲ. ವರದಿಯ ಮೇಲೆ ಹದ್ದಣ್ಣನ ಹೆಸರೂ ಇಲ್ಲ.

ಮೇಡಂ ಬೈಯಲಿಲ್ಲ. ಇಪ್ಪತ್ತೆರಡು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರು. ಕೆಲಸ ಕೊಡಲ್ಲ ಅಂತ ಹೆದರಿಕೆಯಿತ್ತು, ಆಮೇಲೆ ಹದ್ದು ಅಂತ ಹೆಸರು ಬೇರೆ ಇಟ್ಟುಬಿಟ್ಟಿರಿ ಎಂದ. ಅವರಿಗೆ ನಗು ಬಂತು, ತಡೆದುಕೊಂಡರು. ಆದರೆ ಹಳೆಯ ವರದಿಗಳನ್ನು ಪರೀಕ್ಷಿಸದೆ ಬಿಡುವ ಹಾಗಿಲ್ಲ ಎಂದರು. ಅವನೂ ಬಿಡಬೇಡಿ ಅಂದ.

ಸಂಜೆ ಭಾವಮೈದ ಲ್ಯಾಬಿನ ಸರ್ವರಿನಲ್ಲಿ ಉಳಿದಿದ್ದ ಹಳೆಯ ಪ್ರತಿಯಿಂದ ಬಣ್ಣಗಳನ್ನು ಹುಡುಕಿ ತೆಗೆದು ಹೊಸದರಲ್ಲಿ ಕೂರಿಸಿದ. ಮಂಗಳವಾರ ಇಡೀ ದಿನ ಮೇಡಂ ಅವನ ಪಕ್ಕದಲ್ಲಿ ಕೂತು, ಅವನು ಓದಿದ್ದರಲ್ಲೇ ಕಷ್ಟದ ನಲವತ್ತು ಫೈಲುಗಳನ್ನು ಮತ್ತೆ ಓದಿಸಿದರು. ನಲವತ್ತೂ ಸರಿಯಿದ್ದವು. ಆ ರಾತ್ರಿ ಅವನು ಮನೆಯಲ್ಲಿ ಎರಡು ತುತ್ತು ಹೆಚ್ಚೇ ಉಂಡ.

ಬುಧವಾರ ಬಂದು ನೋಡಿದರೆ ಲ್ಯಾಬಿನ ಆರೂ ಪರದೆಗಳು ಕಪ್ಪಗಿದ್ದವು. ಎಲ್ಲ ಕಡೆಯೂ ಎ ಹಳದಿ, ಟಿ ನೀಲಿ. ಯಾರ ಪರದೆಯನ್ನು ಯಾರು ಬೇಕಾದರೂ ಓದುವಂತಿರಬೇಕು ಎಂದು ಮೇಡಂ ಅಪ್ಪಣೆ ಮಾಡಿದ್ದರಂತೆ. ಕರೆಂಟು ಹೋದ ಹಾಗಿದೆ ಎಂದು ಒಬ್ಬರು ಗೊಣಗಿದರು. ನೀರಿನ ಪಕ್ಕದ ಹಾಳೆಯಲ್ಲಿ ಏಳು ಸಲಹೆಗಳ ಕೆಳಗೆ ಭಾವಮೈದ ಪೆನ್ನಿನಲ್ಲಿ ಎಂಟನೆಯದನ್ನು ಸೇರಿಸಿದ್ದ: ಹೊಸದು ಹಾಕುವ ಮುಂಚೆ ಆ ಕುರ್ಚಿಯಲ್ಲಿ ಕೂರುವವರನ್ನು ಒಂದು ಮಾತು ಕೇಳಿ.

ಹತ್ತರ ಹೊತ್ತಿಗೆ ಪಕ್ಕದ ಮೇಜಿನಾಕೆಗೆ ಎಲ್ಲೋ ಅನುಮಾನ ಬಂತು. ಅಭ್ಯಾಸದಂತೆ ಫೈಲನ್ನು ಅವನ ಕಂಪ್ಯೂಟರಿಗೆ ತರಲು ಎದ್ದವಳು ಮತ್ತೆ ಕೂತಳು.

"ಅಣ್ಣ, ಇಲ್ಲಿಗೇ ಬರ್ತೀರಾ?"

ಹದ್ದಣ್ಣ ಎದ್ದ. ಅವಳ ಮೇಜಿಗೆ ನಾಲ್ಕೇ ಹೆಜ್ಜೆ. ಅವಳ ಹಿಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಅವಳು ತೋರಿಸಿದ್ದನ್ನು ಓದಿದ. ಅಷ್ಟರಲ್ಲಿ ಅದರಾಚೆಯ ಮೇಜಿನವರೂ ಕರೆದರು. ಅಲ್ಲಿಗೂ ಹೋದ.