ಬೋಜಪ್ಪಣ್ಣನ ರೋಲರೂ ಮಂಗಳೂರಿನ ಮೈಕ್ರೋಸ್ಕೋಪೂ

ಅರಂತೋಡಿನ ಬೋಜಪ್ಪಣ್ಣನ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಎದ್ದು ಮೂರು ತಿಂಗಳಾಗಿತ್ತು. ಎಲೆ, ಅಡಿಕೆ, ಹೊಗೆಸೊಪ್ಪು ಜಗಿದು ಒತ್ತರಿಸಿ ಇಡುವ ಜಾಗವೇ ಅದು. "ಸುಣ್ಣ ಸುಟ್ಟದ್ದು ಮಾರಾಯ್ತಿ, ಅದಕ್ಕೆ ಎಂತ ಡಾಕ್ಟ್ರು?" ಅಂತ ಹೆಂಡತಿ ದುಗ್ಗಮ್ಮನ ಬಾಯಿ ಮುಚ್ಚಿಸಿದ. ಸುಣ್ಣ ಕಮ್ಮಿ ಮಾಡಿ ಹೊಗೆಸೊಪ್ಪು ಜಾಸ್ತಿ ಮಾಡಿದ, ಪುಣ್ಯಾತ್ಮ! ಸಾರಿನ ಖಾರ ತಾಗಿ ಕಣ್ಣಲ್ಲಿ ನೀರು ಬಂದ ಮೇಲೆಯೇ ಸುಳ್ಯಕ್ಕೆ ಹೋದದ್ದು.

"ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆ ಮಾಡ್ಬೇಕು" ಅಂದರು ಡಾಕ್ಟರು. ಜೊತೆಗೆ ಒಂದು ಕಾಗದ ಕೊಟ್ಟರು. ಪರೀಕ್ಷೆ ಆಗಿ ಉಳಿದದ್ದನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡ್ತೀರಾ, ಬೇಡವಾ ಅಂತ ಅದರಲ್ಲಿತ್ತು. ಕ್ಯಾನ್ಸರ್ ಅಂತ ಓದಿದ್ದೇ ತಡ, "ಮೂತ್ರಕ್ಕೆ ಹೋಗಿ ಬರ್ತೇನೆ" ಅಂತ ಎದ್ದವನು ಸೀದಾ ಬಸ್ಸು ಹತ್ತಿದ.

ಆದಿತ್ಯವಾರ ಪಕ್ಕದ ಮನೆ ಮೊಯ್ದೀನನ ಮಗಳು ಮುನೀರಾ ರಬ್ಬರ್ ಶೀಟು ಒತ್ತಲು ಬಂದಳು. ಅಲ್ಲಿನ ಹದಿನಾಲ್ಕು ಮನೆಗೆ ಬೋಜಪ್ಪಣ್ಣನ ಶೆಡ್ಡಿನ ರೋಲರ್ ಮೆಷಿನು ಒಂದೇ. ಮುನೀರಾಗೆ ಮಂಗಳೂರಿನ ಒಂದು ಕಾಲೇಜಿನ ಮೈಕ್ರೋಸ್ಕೋಪ್ ಕೇಂದ್ರದಲ್ಲಿ ಕೆಲಸ. ರಜೆಯಲ್ಲಿ ಬಂದರೆ ಅಪ್ಪನಿಗೆ ಸಹಾಯ ಮಾಡ್ತಾಳೆ.

"ಆಸ್ಪತ್ರೆಯಿಂದ ಓಡಿ ಬಂದಿದ್ದಾರೆ ಇವರು" ಅಂದಳು ದುಗ್ಗಮ್ಮ. "ನನಗೆ ಗಂಟಲಲ್ಲಿ ಅನ್ನ ಇಳಿಯುದಿಲ್ಲ."

"ಕತ್ತಿ ತಾಗಿದ್ರೆ ಹರಡ್ತದಂತೆ" ಅಂತ ಬೋಜಪ್ಪಣ್ಣ ಗೊಣಗಿದ.

"ಅದು ಸುಳ್ಳು ಬೋಜಪ್ಪಣ್ಣ. ಪರೀಕ್ಷೆಗೆ ಚೂರು ತೆಗೆದ್ರೆ ಹರಡುದಿಲ್ಲ. ಗೊತ್ತು ಮಾಡದೆ ಕೂತ್ರೆ ಅಪಾಯ."

"ಲ್ಯಾಬಿನಲ್ಲಿ ಊರೂರಿನ ಚೂರೆಲ್ಲ ಒಂದೇ ಮೆಷಿನಿಗೆ ಹೋಗುದಲ್ವಾ? ಬೇರೆಯವರ ಕಾಯಿಲೆ ನನ್ನ ತಲೆಗೆ ಕಟ್ಟಿದ್ರೆ?"

ಮುನೀರಾ ನಗುತ್ತಾ ಒಂದು ಶೀಟು ಎತ್ತಿ ಹಿಡಿದಳು. "ಇದು ಯಾರದ್ದು?"

"ನಿಮ್ಮದು. ಮೂಲೆಯಲ್ಲಿ ಎರಡು ತೂತು ಉಂಟಲ್ಲ."

"ಹದಿನಾಲ್ಕು ಮನೆಯದ್ದು ಒಂದೇ ಹೊಗೆಮನೆಯಲ್ಲಿ ಒಣಗುದು. ಯಾವತ್ತಾದ್ರೂ ಅದಲು ಬದಲು ಆದದ್ದುಂಟಾ?"

"ನನ್ನ ಶೆಡ್ಡಿನಲ್ಲಾ? ಎಲ್ಲಿಯಾದ್ರೂ ಉಂಟಾ!" ಬೋಜಪ್ಪಣ್ಣ ಎದೆ ಸೆಟೆಸಿದ.

"ಅಲ್ಲಿಯೂ ಹಾಗೇ, ಒಬ್ಬೊಬ್ಬರಿಗೆ ಒಂದೊಂದು ನಂಬರು. ನಿಮ್ಮ ಪರೀಕ್ಷೆ ಆಸ್ಪತ್ರೆಯ ಲ್ಯಾಬಿನಲ್ಲೇ ಆಗ್ತದೆ. ಉಳಿದದ್ದು ನೀವು ಒಪ್ಪಿದ್ರೆ ಮಾತ್ರ ಹೆಸರಿಲ್ಲದೆ ನಮ್ಮಲ್ಲಿಗೆ ಬರುದು. ಆ ಮೈಕ್ರೋಸ್ಕೋಪಿಗೆ ಕೋಟಿಗಟ್ಟಲೆ ಬೆಲೆ. ಎಲ್ಲರೂ ಒಂದೊಂದು ತರ್ಲಿಕ್ಕೆ ಆಗ್ತದಾ? ಅದಕ್ಕೆ ಒಂದು ಕಡೆ ಇಟ್ಟು, ನಿಮ್ಮ ರೋಲರಿನ ಹಾಗೆ, ಎಲ್ಲ ಊರಿನ ಸಂಶೋಧಕರು ಸರದಿ ಪ್ರಕಾರ ನೋಡುದು. ಜೀವಕೋಶದ ಒಳಗೆ ಎಂತ ಕೆಡ್ತಾ ಉಂಟು ಅಂತ ಕಾಣ್ತದೆ. ಎಲೆ ಜಗಿಯುವ ನಮ್ಮೂರಿನವರ ಕ್ಯಾನ್ಸರ್ ತಿಳಿಯಲು ನಮ್ಮೂರಿನವರದ್ದೇ ಚೂರು ಬೇಕಲ್ಲ?"

"ಕೊಡುದಿಲ್ಲ ಅಂದ್ರೆ ಮದ್ದು ನಿಲ್ಲಿಸ್ತಾರಾ?"

"ಇಲ್ಲವೇ ಇಲ್ಲ. ಅದು ನಿಮ್ಮ ಇಷ್ಟ. ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ."

ಬೋಜಪ್ಪಣ್ಣ ರೋಲರಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದ. ಮತ್ತೆ ಮೆಲ್ಲಗೆ, "ನನಗೆ ಹೆದರಿಕೆ ಆಗ್ತದೆ ಮುನೀರಾ" ಅಂದ. ಮೂವತ್ತು ವರ್ಷದ ಸಂಸಾರದಲ್ಲಿ ದುಗ್ಗಮ್ಮ ಈ ಮಾತು ಕೇಳಿರಲಿಲ್ಲ.

"ನಾನು ಒಟ್ಟಿಗೆ ಬರ್ತೇನೆ. ನಾಳೆಯೇ ಹೋಗುವ" ಅಂದಳು ಮುನೀರಾ.

ಹೋದರು. ಪರೀಕ್ಷೆಯದ್ದು, ಸಂಶೋಧನೆಯದ್ದು, ಎರಡೂ ಕಾಗದಕ್ಕೆ ಬೋಜಪ್ಪಣ್ಣ ಸಹಿ ಹಾಕಿದ. ಹತ್ತು ದಿನದಲ್ಲಿ ವರದಿ ಬಂತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆಗುವ ದಾರಿ ಹಿಡಿದಿತ್ತು. ಮಚ್ಚೆ ತೆಗೆದರು. ಆಗಾಗ ಬಂದು ತೋರಿಸಬೇಕು, ಜಗಿಯುವುದು ಬಿಡಲೇಬೇಕು ಅಂದರು. ದುಗ್ಗಮ್ಮ ಆಸ್ಪತ್ರೆಯ ಬೆಂಚಿನಲ್ಲೇ ಕೂತು ಅತ್ತುಬಿಟ್ಟಳು. ಎಲೆಪೆಟ್ಟಿಗೆಯಲ್ಲಿ ಈಗ ರೋಲರಿನ ನಟ್ಟು ಬೋಲ್ಟು ಉಂಟು.

ಶೆಡ್ಡಿನಲ್ಲಿ ಹೊಸ ಕಾನೂನು ಬಂದಿದೆ. "ಮೊದಲು ಬಾಯಿ ತೆರೆದು ತೋರಿಸಿ, ಮತ್ತೆ ಶೀಟು!" ಹದಿಮೂರು ಮನೆಯವರು ನಗುತ್ತಾ ತೋರಿಸಿದರು. ಒಬ್ಬ ಮಾತ್ರ ಬಾಯಿ ಬಿಗಿಹಿಡಿದು ನಿಂತ, ಮುನೀರಾಳ ಅಪ್ಪ ಮೊಯ್ದೀನ್.

"ಸುಣ್ಣ ಸುಟ್ಟದ್ದು ಬೋಜಪ್ಪಣ್ಣ" ಅಂದ.

ಬೋಜಪ್ಪಣ್ಣ ಮೆಷಿನು ಬಿಟ್ಟು ಅಂಗಿ ಹಾಕಿಕೊಂಡ. "ಹೊರಡು ಮಾರಾಯ, ಸುಳ್ಯಕ್ಕೆ. ನಾನು ಒಟ್ಟಿಗೆ ಬರ್ತೇನೆ."

ನೀವೂ ಇವತ್ತೇ ಕನ್ನಡಿಯೆದುರು ಬಾಯಿ ತೆರೆಯಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಂಶೋಧನೆಗೆ ಚೂರು ಕೇಳಿದರೆ ಪ್ರಶ್ನೆ ಕೇಳಿ, ಅರ್ಥ ಮಾಡಿಕೊಂಡು ಮನಸ್ಸಿದ್ದರೆ ಕೊಡಿ. ಹೆದರಿಕೆ ಆದರೆ ಒಬ್ಬರನ್ನು ಒಟ್ಟಿಗೆ ಕರಕೊಂಡು ಹೋಗಿ, ಆದರೆ ಹೋಗಿ.